ಉಗುರಿನಷ್ಟು ಕಪ್ಪೆಗೊಂದು ಸ್ಟುಡಿಯೋ

ಪಾಸ್‌ಪೋರ್ಟಿನ ಫೋಟೋಕ್ಕೋ ಮದುವೆಯ ಫೋಟೋಕ್ಕೋ ನಾವೆಲ್ಲ ಒಂದಲ್ಲ ಒಂದು ಬಾರಿ ಸ್ಟುಡಿಯೋ ಮೆಟ್ಟಿಲು ಹತ್ತಿದವರೇ. ಹಿಂದೊಂದು ಪರದೆ, ಎರಡೂ ಬದಿಯಲ್ಲಿ ಕೊಡೆಯಂತಹ ದೀಪಗಳು, 'ಸ್ವಲ್ಪ ಗಲ್ಲ ಮೇಲೆತ್ತಿ' ಎನ್ನುವ ಫೋಟೋಗ್ರಾಫರ್. ಆದರೆ ಇಂತಹದ್ದೇ ಒಂದು ಸ್ಟುಡಿಯೋವನ್ನು ಕಪ್ಪೆಗಾಗಿ ಕಟ್ಟುವವರಿದ್ದಾರೆ ಎಂದರೆ ನಂಬುತ್ತೀರಾ? ಅದೂ ದೊಡ್ಡ ಗೋಂಕರು ಕಪ್ಪೆಗಲ್ಲ. ಹೆಬ್ಬೆರಳಿನ ಉಗುರಿನ ಮೇಲೆ ಆರಾಮವಾಗಿ ಕುಳಿತುಕೊಳ್ಳಬಲ್ಲ ಪುಟಾಣಿಗಳಿಗೆ! ಅವುಗಳಿಗೂ ಪರದೆ ಇದೆ, ದೀಪವಿದೆ, ಕುಳಿತುಕೊಳ್ಳಲು ಒದ್ದೆ ಹಾಸಿಗೆಯಿದೆ. 'ಗಲ್ಲ ಮೇಲೆತ್ತಿ' ಎಂದರೆ ಮಾತ್ರ ಅವು ಕೇಳುವುದಿಲ್ಲ, ಅಷ್ಟೇ.

ಇದು ಹಣವಂತರ ಖಯಾಲಿ ಎಂದುಕೊಂಡರೆ ತಪ್ಪಾದೀತು. ಈ ಫೋಟೋಗಳ ಹಿಂದೆ ಒಂದು ಅವಸರವಿದೆ. ಭೂಮಿಯ ಮೇಲಿನ ಬೆನ್ನೆಲುಬುಳ್ಳ ಜೀವಿಗಳ ಪೈಕಿ ಅತ್ಯಂತ ಹೆಚ್ಚು ಅಪಾಯದಲ್ಲಿರುವುದು ಹುಲಿ, ಆನೆಗಳ ಬಳಗವಲ್ಲ. ನೀರಿನಲ್ಲೂ ನೆಲದಲ್ಲೂ ಬದುಕುವ ಉಭಯವಾಸಿಗಳು. ಅಂದರೆ ಕಪ್ಪೆ, ಸಾಲಮಾಂಡರ್ ಮುಂತಾದವು. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದು 8,011 ಜಾತಿಯ ಉಭಯವಾಸಿಗಳನ್ನು ಪರಿಶೀಲಿಸಿ, ಐದರಲ್ಲಿ ಎರಡು ಜಾತಿ ಅಳಿವಿನ ದಾರಿಯಲ್ಲಿದೆ ಎಂದು ಹೇಳಿತು. ಹೆಸರೇ ಗೊತ್ತಿಲ್ಲದ, ಕಣ್ಣಿಗೇ ಬೀಳದ ಜೀವಿಯೊಂದು ಇಲ್ಲವಾದರೆ ಅಳುವವರಾರು? ಮೊದಲು ಅದರ ಮುಖ ನೋಡೋಣ ಎಂದು ಹೊರಟವರ ಕಥೆಯಿದು.

ತರಕಾರಿ ಹೆಚ್ಚುವ ಹಲಗೆಯಿಂದ ಆರಂಭ

ಜೋಯಲ್ ಸಾರ್ಟೋರ್ ಅಮೆರಿಕದ ನೆಬ್ರಾಸ್ಕ ರಾಜ್ಯದ ಲಿಂಕನ್ ನಗರದವರು. 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಗಾಗಿ ಕಾಡುಮೇಡು ಅಲೆಯುತ್ತಿದ್ದ ಛಾಯಾಗ್ರಾಹಕ. ತಿಂಗಳುಗಟ್ಟಲೆ ಮನೆಯಿಂದ ದೂರ. 2005ರಲ್ಲಿ ಅವರ ಪತ್ನಿ ಕ್ಯಾಥಿಗೆ ಸ್ತನ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಮನೆಯಲ್ಲಿ ಮೂವರು ಮಕ್ಕಳು. ಸಾರ್ಟೋರ್ ದೂರದ ಪಯಣಗಳನ್ನೆಲ್ಲ ಬದಿಗಿಟ್ಟು ಪತ್ನಿಯ ಬಳಿ ಉಳಿದರು. ಚಿಕಿತ್ಸೆ ದೀರ್ಘವಾಗಿತ್ತು. ಈ ಬದುಕಿನಲ್ಲಿ ಉಳಿಯುವಂತಹ ಕೆಲಸವನ್ನೇನಾದರೂ ಮಾಡಿದ್ದೇನೆಯೇ ಎಂಬ ಪ್ರಶ್ನೆ ಆಗ ಅವರನ್ನು ಕಾಡತೊಡಗಿತು.

2006ರಲ್ಲಿ ಅವರು ತಮ್ಮೂರಿನ ಮಕ್ಕಳ ಪ್ರಾಣಿ ಸಂಗ್ರಹಾಲಯಕ್ಕೆ ಹೋದರು. ಮನೆಯಿಂದ ಹೆಚ್ಚು ದೂರವಿಲ್ಲ, ಕ್ಯಾಥಿಗೆ ಅಗತ್ಯ ಬಿದ್ದರೆ ಕೂಡಲೇ ಓಡಿ ಬರಬಹುದು. ಅಲ್ಲಿ ಅವರ ಮೊದಲ 'ಗಿರಾಕಿ' ಮೈಮೇಲೆ ಕೂದಲಿಲ್ಲದ, ಹಲ್ಲು ಮುಂದೆ ಚಾಚಿದ ಬಿಲದ ಇಲಿ. ಬಿಳಿ ಹಿನ್ನೆಲೆ ಬೇಕಿತ್ತು. ಅಡುಗೆ ಮನೆಯ ತರಕಾರಿ ಹೆಚ್ಚುವ ಬಿಳಿ ಹಲಗೆಯೇ ಸ್ಟುಡಿಯೋ ಆಯಿತು! ಯಾರೂ ಚೆಲುವು ಎನ್ನದ ಆ ಜೀವಿ ಬಿಳಿ ಹಲಗೆಯ ಮೇಲೆ, ಒಳ್ಳೆಯ ಬೆಳಕಿನಲ್ಲಿ ನಿಂತಾಗ ನೋಡಿದವರು ಕಣ್ಣು ಕೀಳಲಿಲ್ಲ.

ಹೀಗೆ ಹುಟ್ಟಿದ ಯೋಜನೆಗೆ 'ಫೋಟೋ ಆರ್ಕ್' ಎಂದು ಹೆಸರು. ಪ್ರವಾದಿ ನೂಹ್(ಅ)ರ ನಾವೆಯ ನೆನಪಿನಲ್ಲಿಟ್ಟ ಹೆಸರದು. ಜೋಡಿ ಜೋಡಿಯಾಗಿ ಜೀವಿಗಳನ್ನು ಹತ್ತಿಸಿಕೊಳ್ಳುವ ಬದಲು ಇಲ್ಲಿ ಫೋಟೋಗಳಲ್ಲಿ ಹತ್ತಿಸಿಕೊಳ್ಳಲಾಗುತ್ತದೆ. ಮೃಗಾಲಯ, ಜಲಾಲಯ, ಗಾಯಗೊಂಡ ಪ್ರಾಣಿಗಳ ಆಶ್ರಯ ಮನೆಗಳಲ್ಲಿರುವ ಪ್ರತಿಯೊಂದು ಜಾತಿಯ ಭಾವಚಿತ್ರ ತೆಗೆಯುವುದು ಅವರ ಗುರಿ. ಕ್ಯಾಥಿ ಗುಣಮುಖರಾದರು, ಸಾರ್ಟೋರ್ ಮತ್ತೆ ಪ್ರಯಾಣ ಹೊರಟರು. ಆದರೆ ಹಲಗೆ, ಪರದೆ, ದೀಪದ ಕೆಲಸ ಮಾತ್ರ ನಿಲ್ಲಲಿಲ್ಲ. 2020ರಲ್ಲಿ 10,000ದ ಜಾತಿಯ ಚಿತ್ರ ಸೇರಿತು. ಆ ಸಾಲಿನಲ್ಲಿ ಕಪ್ಪೆಗಳು ಬಹಳಷ್ಟಿವೆ. 2009ರ ಏಪ್ರಿಲ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಕಣ್ಮರೆಯಾಗುತ್ತಿರುವ ಉಭಯವಾಸಿಗಳ ಬಗ್ಗೆ ದೊಡ್ಡ ಲೇಖನ ಪ್ರಕಟಿಸಿದಾಗ ಅದರ ಚಿತ್ರಗಳೂ ಇವರದ್ದೇ.

ಹಿನ್ನೆಲೆ ಕಪ್ಪು ಅಥವಾ ಬಿಳಿ ಮಾತ್ರ ಏಕೆ? ಅದಕ್ಕೊಂದು ಚೆಂದದ ಕಾರಣವಿದೆ. ಕಾಡಿನ ಹಿನ್ನೆಲೆಯಿದ್ದರೆ ಆನೆ ದೊಡ್ಡದು, ಕಪ್ಪೆ ಚಿಕ್ಕದು ಎಂಬುದು ಕೂಡಲೇ ತಿಳಿಯುತ್ತದೆ. ಕಪ್ಪು ಪರದೆಯ ಮುಂದೆ ಅಳತೆ ಇಲ್ಲ. ಪುಟದ ಮೇಲೆ ಕಪ್ಪೆಯೂ ಆನೆಯಷ್ಟೇ ದೊಡ್ಡದು. ಇಬ್ಬರೂ ನಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಯಾರು ಮುಖ್ಯ, ಯಾರು ಅಮುಖ್ಯ ಎಂಬ ತಾರತಮ್ಯಕ್ಕೆ ಅಲ್ಲಿ ಎಡೆಯೇ ಇಲ್ಲ.

ಅಂಗೈಯಗಲದ ಸ್ಟುಡಿಯೋ

ಚಿಕ್ಕ ಕಪ್ಪೆಯ ಫೋಟೋ ತೆಗೆಯಲು ಹತ್ತಿರ ಹೋದರೆ ಸಾಕಲ್ಲವೇ ಎಂದು ಕೇಳಬಹುದು. ಸಾಮಾನ್ಯ ಲೆನ್ಸ್ ತೀರಾ ಹತ್ತಿರ ಹೋದರೆ ಚಿತ್ರ ಮಸುಕಾಗುತ್ತದೆ. ಅದಕ್ಕಾಗಿಯೇ ಇರುವುದು ಮ್ಯಾಕ್ರೋ ಲೆನ್ಸ್. ಜೀವಿ ಎಷ್ಟು ದೊಡ್ಡದಿದೆಯೋ ಕ್ಯಾಮರಾದೊಳಗಿನ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಮೂಡಿಸುವ ಶಕ್ತಿ ಅದಕ್ಕಿದೆ. ದೊಡ್ಡ ಕ್ಯಾಮರಾಗಳ ಸೆನ್ಸರ್ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. 16 ಮಿಲಿಮೀಟರ್ ಉದ್ದದ ಕಪ್ಪೆ ಅಲ್ಲಿ ಕುಳಿತರೆ ಚಿತ್ರದ ಅಗಲದ ಹೆಚ್ಚುಕಡಿಮೆ ಅರ್ಧದಷ್ಟನ್ನು ತುಂಬುತ್ತದೆ. ಅದನ್ನು ಕ್ಯಾಲೆಂಡರಿನಷ್ಟು ದೊಡ್ಡದಾಗಿ ಮುದ್ರಿಸಿದರೆ ಚರ್ಮದ ಮೇಲಿನ ಒಂದೊಂದು ಬೊಬ್ಬೆಯೂ ಎಣಿಸುವಂತೆ ಕಾಣುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಇಷ್ಟು ಹತ್ತಿರದಿಂದ ತೆಗೆದಾಗ ಸ್ಪಷ್ಟವಾಗಿ ಕಾಣುವ ಭಾಗ ತೀರಾ ತೆಳು. ಲೆನ್ಸಿನ ಬಾಗಿಲನ್ನು ಎಫ್ 11ರಷ್ಟು ಕಿರಿದು ಮಾಡಿದರೂ ಸ್ಪಷ್ಟತೆಯ ಆಳ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒಂದು ಅಕ್ಕಿ ಕಾಳಿನ ದಪ್ಪವೂ ಅಲ್ಲ! ಕಣ್ಣು ಸ್ಪಷ್ಟವಾಗಿದ್ದರೆ ಮೂಗು ಮಸುಕು, ಮೂಗು ಸ್ಪಷ್ಟವಾಗಿದ್ದರೆ ಕಣ್ಣು ಮಸುಕು. ಬಾಗಿಲನ್ನು ಇನ್ನೂ ಕಿರಿದು ಮಾಡಿದರೆ ಬೆಳಕು ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಹಾಗಾಗಿ ಈ ಕಸುಬಿನವರದ್ದು ಒಂದೇ ನಿಯಮ: ಏನೇ ಮಸುಕಾದರೂ ಸರಿ, ಕಣ್ಣು ಮಾತ್ರ ಮಸುಕಾಗಕೂಡದು. ನಾವು ಮನುಷ್ಯರು ಯಾವ ಮುಖ ನೋಡಿದರೂ ಮೊದಲು ಹುಡುಕುವುದು ಕಣ್ಣನ್ನೇ ಅಲ್ಲವೇ?

ಹೂವು, ಆಭರಣದಂತಹ ಅಲುಗಾಡದ ವಸ್ತುಗಳಾದರೆ ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತಾ ಹತ್ತಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಬಹುದು. ಕಪ್ಪೆಯ ಬಳಿ ಈ ಉಪಾಯ ಸುಲಭಕ್ಕೆ ನಡೆಯದು. ಅದು ಕಲ್ಲಿನಂತೆ ಕುಳಿತಿದ್ದರೂ ಗಂಟಲು ಮಾತ್ರ ಸದಾ ಮಿಡಿಯುತ್ತಿರುತ್ತದೆ. ನಮ್ಮಂತೆ ಪಕ್ಕೆಲುಬು ಹಿಗ್ಗಿಸಿ ಉಸಿರೆಳೆದುಕೊಳ್ಳಲು ಅದಕ್ಕಾಗದು. ಗಂಟಲನ್ನು ತಿದಿಯಂತೆ ಒತ್ತಿ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಆ ಮಿಡಿತವೇ ಚಿತ್ರಗಳ ಜೋಡಣೆಯನ್ನು ಕೆಡಿಸುತ್ತದೆ.

ಇನ್ನು ಬೆಳಕು. ಕಪ್ಪೆಯ ಮೈ ಒದ್ದೆ ಕನ್ನಡಿಯಿದ್ದಂತೆ. ಫ್ಲ್ಯಾಶನ್ನು ನೇರವಾಗಿ ಹಾರಿಸಿದರೆ ಬೆನ್ನಿನ ಮೇಲೆಲ್ಲ ಬಿಳಿ ಚುಕ್ಕೆಗಳು ರಾಚುತ್ತವೆ, ನಿಜವಾದ ಬಣ್ಣ ಮುಚ್ಚಿಹೋಗುತ್ತದೆ. ಅದಕ್ಕೆ ಫ್ಲ್ಯಾಶಿನ ಮುಂದೆ ಬಿಳಿ ಬಟ್ಟೆ ಅಥವಾ ಹಾಲುಬಣ್ಣದ ಪ್ಲಾಸ್ಟಿಕ್ ಹಾಳೆ ಹಿಡಿಯುತ್ತಾರೆ. ಕಿಟಕಿಗೆ ತೆಳು ಪರದೆ ಕಟ್ಟಿದಾಗ ಮಧ್ಯಾಹ್ನದ ಬಿಸಿಲೂ ಮೃದುವಾಗುವುದಿಲ್ಲವೇ, ಹಾಗೆ. ಚಿಕ್ಕ ಫ್ಲ್ಯಾಶನ್ನು ಕಡಿಮೆ ಶಕ್ತಿಯಲ್ಲಿ ಹಾರಿಸಿದರೆ ಅದು ಬೆಳಗುವುದು ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ. ಅಷ್ಟರಲ್ಲಿ ಕಪ್ಪೆ ನೆಗೆದರೂ ಚಿತ್ರದಲ್ಲಿ ಗಾಳಿಯಲ್ಲೇ ನಿಂತುಬಿಡುತ್ತದೆ.

ಸಾರ್ಟೋರ್ ಚಿಕ್ಕ ಪ್ರಾಣಿಗಳಿಗಾಗಿ ಬಟ್ಟೆಯ ಪುಟ್ಟ ಡೇರೆಯನ್ನು ಬಳಸುತ್ತಾರೆ. ಪ್ರಾಣಿ ಒಳಗೆ, ಛಾಯಾಗ್ರಾಹಕ ಹೊರಗೆ. ಬಟ್ಟೆಯ ಸೀಳಿನಿಂದ ಲೆನ್ಸಿನ ತುದಿ ಮಾತ್ರ ಒಳಗೆ ಇಣುಕುತ್ತದೆ. ಎದುರಿಗೆ ದೊಡ್ಡ ಮನುಷ್ಯಾಕೃತಿ ಕಾಣದಿದ್ದರೆ ಪ್ರಾಣಿಗೆ ಹೆದರಿಕೆ ಕಡಿಮೆ. ಕೆಲಸ ಮುಗಿಯುವುದೂ ಬೇಗ.

2009ರಲ್ಲಿ ಸ್ಕಾಟ್‌ಲೆಂಡಿನ ನಿಯಾಲ್ ಬೆನ್ವಿ ಮತ್ತು ಅಮೆರಿಕದ ಕ್ಲೇ ಬೋಲ್ಟ್ ಎಂಬ ಇಬ್ಬರು ಛಾಯಾಗ್ರಾಹಕರು ಇನ್ನೊಂದು ದಾರಿ ಹಿಡಿದರು. ಜೀವಿಯನ್ನು ಸ್ಟುಡಿಯೋಕ್ಕೆ ತರುವ ಬದಲು ಸ್ಟುಡಿಯೋವನ್ನೇ ಅದರ ಮನೆ ಬಾಗಿಲಿಗೆ ಒಯ್ದರು. ಹಾಲುಬಣ್ಣದ ಅಕ್ರಿಲಿಕ್ ಹಲಗೆ, ಅದರ ಹಿಂದೊಂದು ಫ್ಲ್ಯಾಶ್, ಮುಂದೊಂದು ಮೃದು ಬೆಳಕು. ತೋಟದ ಮೂಲೆಯಲ್ಲಿ, ಕೆರೆಯ ದಡದಲ್ಲಿ ಇದನ್ನು ಹೂಡಿ ಅಲ್ಲಿಯ ಕಪ್ಪೆಯನ್ನೋ ಹುಳುವನ್ನೋ ಹಲಗೆಯ ಮೇಲಿಟ್ಟು ಚಿತ್ರ ತೆಗೆದು ಅಲ್ಲೇ ಬಿಟ್ಟುಬಿಡುವುದು. ಈ ಯೋಜನೆಗೆ ಅವರಿಟ್ಟ ಹೆಸರಿನ ಅರ್ಥ 'ನಿಮ್ಮ ನೆರೆಹೊರೆಯವರನ್ನು ಭೇಟಿಯಾಗಿ' ಎಂದು. ಎಷ್ಟು ಸೊಗಸಾದ ಹೆಸರು! ಪಕ್ಕದ ಮನೆಯವರ ಮುಖ ಗೊತ್ತಿಲ್ಲದೆ ವರ್ಷಗಟ್ಟಲೆ ಬದುಕುವ ಈ ಕಾಲದಲ್ಲಿ, ಬಾವಿಕಟ್ಟೆಯ ಬಳಿಯ ಕಪ್ಪೆಯ ಮುಖ ನೋಡಿದವರು ಯಾರಿದ್ದಾರೆ?

ಚರ್ಮವೇ ಉಸಿರು, ಚರ್ಮವೇ ಬಾಯಿ

ಕಪ್ಪೆಯ ಫೋಟೋ ತೆಗೆಯುವುದಕ್ಕಿಂತ ಅದನ್ನು ಹಾನಿಯಾಗದಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸ. ಕಾರಣ, ಅದರ ಚರ್ಮ. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಒದ್ದೆ ನೆಲದ ಮೇಲೆ ಕುಳಿತು ಹೊಟ್ಟೆಯ ಕೆಳಗಿನ ತೆಳು ಚರ್ಮದ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಉಸಿರಾಟದ ಒಂದು ಪಾಲೂ ಚರ್ಮದ ಮೂಲಕವೇ. ಹಾಗಾಗಿ ನಮ್ಮ ಕೈಯಲ್ಲಿರುವ ಸಾಬೂನು, ಉಪ್ಪು, ಕ್ರೀಮು, ಸ್ಯಾನಿಟೈಸರ್ ಎಲ್ಲವೂ ನೇರವಾಗಿ ಅದರ ಮೈಯೊಳಗೆ ಇಳಿಯುತ್ತವೆ. ನಾವು 'ಮುಟ್ಟಿದೆ' ಎಂದುಕೊಳ್ಳುತ್ತೇವೆ. ಅದಕ್ಕೆ ಅದು ಕುಡಿಸಿದ ಹಾಗೆ.

ಆದ್ದರಿಂದ ತಿಳಿದವರು ಪುಡಿಯಿಲ್ಲದ ನೈಟ್ರೈಲ್ ಕೈಗವಸು ಹಾಕಿ, ಅದನ್ನೂ ಕ್ಲೋರಿನ್ ಇಲ್ಲದ ನೀರಿನಲ್ಲಿ ಒದ್ದೆ ಮಾಡಿಕೊಂಡೇ ಕಪ್ಪೆಯನ್ನು ಎತ್ತುತ್ತಾರೆ. ಒಂದು ಕಪ್ಪೆಯಿಂದ ಇನ್ನೊಂದಕ್ಕೆ ಹೋಗುವಾಗ ಕೈಗವಸು ಬದಲಾಗಬೇಕು, ಹಲಗೆ ತೊಳೆಯಬೇಕು. ಬಿಸಿಯಾಗುವ ಬಲ್ಬು ಸಲ್ಲದು. ಹಲಗೆಯ ಮೇಲೆ ತೆಳುವಾದ ನೀರಿನ ಪದರ ಇರಲೇಬೇಕು. ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯದಿದ್ದರೆ ಚಿತ್ರದ ಆಸೆ ಬಿಟ್ಟು ಕಪ್ಪೆಯನ್ನು ಮನೆಗೆ ಕಳುಹಿಸಬೇಕು. ರಾತ್ರಿಯ ಕತ್ತಲಿಗೆ ಅಗಲವಾಗಿ ತೆರೆದ ಕಣ್ಣಿಗೆ ಸಾಲು ಸಾಲಾಗಿ ಫ್ಲ್ಯಾಶ್ ಹಾರಿಸುವುದೂ ಹಿತವಲ್ಲ.

ವಿಷದ ಕಪ್ಪೆಗಳ ಕುರಿತು ಒಂದು ಮಾತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ನೀಲಿ, ಹಳದಿ, ಕೆಂಪು ಬಣ್ಣಗಳಲ್ಲಿ ಮಿನುಗುವ ಪುಟ್ಟ ವಿಷಗಪ್ಪೆಗಳಿವೆ. ಸ್ಟುಡಿಯೋ ಚಿತ್ರಗಳಲ್ಲಿ ಇವುಗಳದ್ದೇ ಕಾರುಬಾರು. ಆದರೆ ಸಂಗ್ರಹಾಲಯದಲ್ಲೇ ಹುಟ್ಟಿ ಬೆಳೆದ ವಿಷಗಪ್ಪೆಯಲ್ಲಿ ವಿಷವಿರುವುದಿಲ್ಲ! ಕಾಡಿನ ಇರುವೆ, ನುಸಿಗಳನ್ನು ತಿಂದೇ ಅವು ವಿಷ ಕೂಡಿಡುವುದು. ಆಹಾರ ಬದಲಾದರೆ ವಿಷವೂ ಇಲ್ಲ, ಬಣ್ಣ ಮಾತ್ರ ಉಳಿಯುತ್ತದೆ.

ಐದು ರೂಪಾಯಿ ನಾಣ್ಯದ ಮೇಲೆ

ಎಷ್ಟು ಚಿಕ್ಕದು ಚಿಕ್ಕದು? ಪಪುವಾ ನ್ಯೂಗಿನಿಯ ಕಾಡಿನ ತರಗೆಲೆಗಳ ನಡುವೆ ಸಿಕ್ಕ ಕಪ್ಪೆಯೊಂದನ್ನು 2012ರಲ್ಲಿ ವಿಜ್ಞಾನಿಗಳು ಜಗತ್ತಿಗೆ ಪರಿಚಯಿಸಿದರು. ಅದರ ಉದ್ದ ಸರಾಸರಿ 7.7 ಮಿಲಿಮೀಟರ್. ಅದನ್ನು ಅಮೆರಿಕದ ಹತ್ತು ಸೆಂಟಿನ ಪುಟ್ಟ ನಾಣ್ಯದ ಮೇಲೆ ಕೂರಿಸಿ ತೆಗೆದ ಚಿತ್ರ ಲೋಕವನ್ನೆಲ್ಲ ಸುತ್ತಿತು. 2024ರಲ್ಲಿ ಬ್ರೆಜಿಲ್ ದೇಶದ ಒಂದು ಕಪ್ಪೆ ಆ ದಾಖಲೆಯನ್ನೂ ಹಿಂದಿಕ್ಕಿತು. ಅಳೆದವುಗಳಲ್ಲಿ ಅತ್ಯಂತ ಚಿಕ್ಕ ಗಂಡು 6.45 ಮಿಲಿಮೀಟರ್!

ದೂರ ಹೋಗಬೇಕಿಲ್ಲ. ನಮ್ಮ ಪಶ್ಚಿಮ ಘಟ್ಟಗಳಲ್ಲೂ ಇಂತಹ ಪುಟಾಣಿಗಳಿವೆ. 2017ರಲ್ಲಿ ಸಂಶೋಧಕಿ ಸೋನಾಲಿ ಗರ್ಗ್ ಮತ್ತು ಪ್ರೊ. ಎಸ್.ಡಿ. ಬಿಜು ಅವರ ತಂಡ ಇಲ್ಲಿಂದ ಏಳು ಹೊಸ ಇರುಳಗಪ್ಪೆಗಳನ್ನು ವಿವರಿಸಿತು. ಅವುಗಳಲ್ಲಿ ನಾಲ್ಕು 12ರಿಂದ 16 ಮಿಲಿಮೀಟರಿನೊಳಗಿನವು. ಅವುಗಳಲ್ಲೊಂದು ನಮ್ಮ ಐದು ರೂಪಾಯಿ ನಾಣ್ಯದ ಮೇಲೆ ಕುಳಿತ ಚಿತ್ರ ಆಗ ಪತ್ರಿಕೆಗಳಲ್ಲಿ ಬಂದಿತ್ತು. ನಾಣ್ಯದ ಅಂಚಿನ ಸುತ್ತ ಇನ್ನೂ ಜಾಗ ಉಳಿದಿತ್ತು!

ಅದಕ್ಕೂ ಒಂದು ವರ್ಷ ಮೊದಲು, 2016ರಲ್ಲಿ, ಉಡುಪಿ ಜಿಲ್ಲೆಯ ಮಣಿಪಾಲದ ಸುತ್ತಲಿನ ಮುರಕಲ್ಲಿನ ಬಯಲಿನಲ್ಲಿ ಸುಮಾರು 1.6 ಸೆಂಟಿಮೀಟರ್ ಉದ್ದದ ಹೊಸ ಕಪ್ಪೆ ಪತ್ತೆಯಾಯಿತು. ತಿಳಿ ಕಂದು ಮೈ, ಮೇಲೆ ಕಪ್ಪು ಗೆರೆಗಳು. ಕೂಗು ಕೇಳಿದರೆ ಮಿಡತೆಯೋ ಜೀರುಂಡೆಯೋ ಎನ್ನಬೇಕು, ಹಾಗಿದೆ. ಮುರಕಲ್ಲಿನ ಇಂಗ್ಲಿಷ್ ಹೆಸರಾದ ಲ್ಯಾಟರೈಟ್ ಎಂಬುದನ್ನೇ ಅದಕ್ಕಿಟ್ಟರು. ಕರಾವಳಿಯವರು ಮನೆ ಕಟ್ಟುವ ಅದೇ ಕೆಂಪು ಕಲ್ಲು! ನಾವು 'ಏನೂ ಇಲ್ಲದ ಬಂಜರು ಬಯಲು' ಎಂದು ಕಸ ಸುರಿಯುವ ಜಾಗದಲ್ಲಿ, ಮಳೆಗಾಲದ ಹೊಂಡಗಳಲ್ಲಿ, ಯಾರ ಲೆಕ್ಕಕ್ಕೂ ಸಿಗದೆ ಅದು ಸಂಸಾರ ನಡೆಸುತ್ತಿತ್ತು.

ಹೊಸ ಜಾತಿ ಎಂದು ಸಾಬೀತುಪಡಿಸಲು ಚೆಂದದ ಚಿತ್ರವೊಂದೇ ಸಾಲದು. ಬೆನ್ನು, ಹೊಟ್ಟೆ, ಪಕ್ಕ, ಅಂಗೈ, ಅಂಗಾಲು, ಬೆರಳ ತುದಿಯ ಬಿಲ್ಲೆ, ಬೆರಳುಗಳ ನಡುವಿನ ಜಾಲ ಹೀಗೆ ಎಲ್ಲ ಕಡೆಯಿಂದ ಅಳತೆಯ ಸಮೇತ ಹತ್ತಿರದ ಚಿತ್ರಗಳು ಬೇಕು. ಜೊತೆಗೆ ಕೂಗಿನ ಧ್ವನಿಮುದ್ರಣ, ವಂಶವಾಹಿ ಪರೀಕ್ಷೆ. ಅಣ್ಣತಮ್ಮಂದಿರಂತೆ ಒಂದೇ ರೀತಿ ಕಾಣುವ ಎರಡು ಕಪ್ಪೆಗಳ ನಡುವಿನ ವ್ಯತ್ಯಾಸ ಕೆಲವೊಮ್ಮೆ ಕಾಲ್ಬೆರಳಿನ ಜಾಲದಲ್ಲಿ ಅಡಗಿರುತ್ತದೆ. ಮ್ಯಾಕ್ರೋ ಲೆನ್ಸ್ ಅಲ್ಲಿ ವಿಜ್ಞಾನಿಯ ಕಣ್ಣಾಗುತ್ತದೆ.

ಹಾಗೆಂದು ಸ್ಟುಡಿಯೋ ಎಲ್ಲವನ್ನೂ ತೋರಿಸುವುದಿಲ್ಲ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಡಾ. ಕೆ.ವಿ. ಗುರುರಾಜ ಮತ್ತು ಸಂಗಡಿಗರು ಗುರುತಿಸಿದ 'ಕುಂಬಾರ ಕಪ್ಪೆ'ಯನ್ನೇ ತೆಗೆದುಕೊಳ್ಳಿ. 2014ರಲ್ಲಿ ಇದನ್ನು ವಿವರಿಸಲಾಯಿತು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಕಪ್ಪೆ ತೊರೆಯ ಕೆಸರನ್ನು ಮುಂಗಾಲುಗಳಿಂದ ಎತ್ತಿ ಮೊಟ್ಟೆಗಳ ಮೇಲೆ ಮೆತ್ತುತ್ತದೆ, ಮಡಕೆ ಮಾಡುವ ಕುಂಬಾರನ ಹಾಗೆ. ಇದನ್ನು ಬಿಳಿ ಹಲಗೆಯ ಮೇಲೆ ನೋಡಲಾದೀತೇ? ಅದಕ್ಕೆ ಕತ್ತಲೆ ಬೇಕು, ಕೆಸರು ಬೇಕು, ಹರಿಯುವ ತೊರೆ ಬೇಕು, ಸದ್ದಿಲ್ಲದೆ ಕಾಯುವ ಮನುಷ್ಯನೂ ಬೇಕು. ಸ್ಟುಡಿಯೋ ಕಪ್ಪೆಯ ಮುಖ ತೋರಿಸುತ್ತದೆ, ಕಾಡು ಅದರ ಬದುಕು ತೋರಿಸುತ್ತದೆ.

ಗಾಜಿನ ಕಪ್ಪೆಯ ಗುಟ್ಟು

ಆದರೆ ಕಾಡಿನಲ್ಲಿ ಕಾಣದ್ದು ಸ್ಟುಡಿಯೋದಲ್ಲಿ ಕಂಡದ್ದೂ ಇದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಗಾಜುಗಪ್ಪೆಗಳೆಂಬ ಚಿಕ್ಕ ಮರಗಪ್ಪೆಗಳಿವೆ. ಮೇಲಿನಿಂದ ನೋಡಿದರೆ ಎಲೆಹಸಿರು. ಕೆಳಗಿನಿಂದ ನೋಡಿದರೆ ಗಾಜಿನಂತೆ ಪಾರದರ್ಶಕ. ಹೃದಯ ಮಿಡಿಯುವುದೂ ಕಾಣುತ್ತದೆ. ಹಗಲು ಎಲೆಯ ಮೇಲೆ ಮಲಗಿದಾಗ ಇವು ಇನ್ನೂ ಎರಡು ಮೂರು ಪಟ್ಟು ಪಾರದರ್ಶಕವಾಗುವುದನ್ನು ಸಂಶೋಧಕರು ಗಮನಿಸಿದರು. ಗಾಜಿನ ಮೇಲೆ ಮಲಗಿದ ಕಪ್ಪೆಯನ್ನು ಕೆಳಗಿನಿಂದ ಬೆಳಕಿನಲ್ಲಿ ನೋಡಿದಾಗ ಅದರ ಮೈಯಲ್ಲಿ ರಕ್ತದ ಕೆಂಪೇ ಇರಲಿಲ್ಲ!

ರಕ್ತ ಎಲ್ಲಿ ಹೋಯಿತು? ಉತ್ತರ 2022ರಲ್ಲಿ ಪ್ರಕಟವಾಯಿತು. ಮಲಗುವಾಗ ಈ ಕಪ್ಪೆ ತನ್ನ ಕೆಂಪು ರಕ್ತಕಣಗಳಲ್ಲಿ ಸುಮಾರು 89 ಶೇಕಡದಷ್ಟನ್ನು ಪಿತ್ತಜನಕಾಂಗದೊಳಗೆ ಬಚ್ಚಿಟ್ಟುಕೊಳ್ಳುತ್ತದೆ. ಎದ್ದಾಗ ಮತ್ತೆ ಮೈಯೆಲ್ಲ ಹರಿಸುತ್ತದೆ. ಅಷ್ಟು ರಕ್ತಕಣಗಳು ಒಂದೆಡೆ ಒತ್ತಾಗಿ ಸೇರಿದರೂ ಹೆಪ್ಪುಗಟ್ಟುವುದಿಲ್ಲ. ನಮ್ಮಲ್ಲಿ ರಕ್ತ ಹೀಗೆ ಗಟ್ಟಿಯಾದರೆ ಪಾರ್ಶ್ವವಾಯುವೋ ಹೃದಯಾಘಾತವೋ ಖಚಿತ. ಹೆಪ್ಪುಗಟ್ಟದಂತೆ ಕಪ್ಪೆ ಏನು ಮಾಡುತ್ತದೆ ಎಂಬುದು ತಿಳಿದರೆ ಮುಂದೊಂದು ದಿನ ವೈದ್ಯಕೀಯಕ್ಕೂ ದಾರಿ ತೋರೀತು. ಇಷ್ಟಕ್ಕೂ ಆ ಕಪ್ಪೆಯ ಉದ್ದ ಎಷ್ಟು? ಎರಡು, ಮೂರು ಸೆಂಟಿಮೀಟರ್.

ಕೊನೆಯವನ ಭಾವಚಿತ್ರ

ಈ ಫೋಟೋಗಳಲ್ಲಿ ಕೆಲವನ್ನು ನೋಡುವಾಗ ಮನಸ್ಸು ಭಾರವಾಗುತ್ತದೆ. ಪನಾಮಾ ದೇಶದ ಕಾಡಿನಲ್ಲಿ ಎತ್ತರದ ಮರಗಳ ಮೇಲೆ ಬದುಕುತ್ತಿದ್ದ ಒಂದು ಬಗೆಯ ಮರಗಪ್ಪೆಯಿತ್ತು. ನೀರು ತುಂಬಿದ ಮರದ ಪೊಟರೆಯಲ್ಲಿ ಹೆಣ್ಣು ಮೊಟ್ಟೆಯಿಡುತ್ತಿತ್ತು. ಕಾವಲು ಕೂರುತ್ತಿದ್ದುದು ತಂದೆ. ಮೊಟ್ಟೆಯೊಡೆದು ಗೊದಮೊಟ್ಟೆಗಳು ಹೊರಬಂದ ಮೇಲೆ ಆ ತಂದೆ ತನ್ನ ಮೈಯನ್ನು ನೀರಿನಲ್ಲಿ ಇಳಿಬಿಡುತ್ತಿತ್ತು. ಮರಿಗಳು ಅದರ ಚರ್ಮದ ಚೂರುಗಳನ್ನೇ ಕೆರೆದು ತಿನ್ನುತ್ತಿದ್ದವು! ಮಕ್ಕಳಿಗಾಗಿ ಮೈಯನ್ನೇ ಸವೆಸುವುದು ಎನ್ನುತ್ತೇವಲ್ಲ, ಅಕ್ಷರಶಃ ಹಾಗೆ.

2005ರಲ್ಲಿ ಅಮೆರಿಕದ ಅಟ್ಲಾಂಟದ ತಂಡವೊಂದು ಇವುಗಳಲ್ಲಿ ಕೆಲವನ್ನು ತಮ್ಮಲ್ಲಿಗೆ ತಂದಿತು. ಕಾರಣ, ಮಾರಕ ಶಿಲೀಂಧ್ರ ರೋಗವೊಂದು ಆ ಕಾಡಿನತ್ತ ಹರಡುತ್ತಾ ಬರುತ್ತಿತ್ತು. 2008ರಲ್ಲಿ ಈ ಕಪ್ಪೆಗೆ ವೈಜ್ಞಾನಿಕ ಹೆಸರು ಸಿಕ್ಕಿತು. ಮರುವರ್ಷವೇ ಕೊನೆಯ ಹೆಣ್ಣು ಸತ್ತಿತು. 2012ರ ಬಳಿಕ ಒಂದೇ ಒಂದು ಗಂಡು ಉಳಿಯಿತು. ಅದನ್ನು ನೋಡಿಕೊಳ್ಳುತ್ತಿದ್ದವರ ಪುಟ್ಟ ಮಗು ಅದಕ್ಕೆ 'ಟಫಿ' ಎಂದು ಹೆಸರಿಟ್ಟಿತು; ಗಟ್ಟಿಗ ಎಂದರ್ಥ. 2014ರ ಡಿಸೆಂಬರಿನಲ್ಲಿ ಟಫಿ ಕೂಗಿದ್ದನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಸಂಗಾತಿಯನ್ನು ಕರೆಯುವ ಕೂಗದು. ಉತ್ತರಿಸಲು ಇಡೀ ಭೂಮಿಯ ಮೇಲೆ ಯಾರೂ ಇರಲಿಲ್ಲ. ಸಾರ್ಟೋರ್ ಅದರ ಭಾವಚಿತ್ರ ತೆಗೆದರು. 2016ರ ಸೆಪ್ಟೆಂಬರ್ 26ರಂದು ಟಫಿ ಸತ್ತಿತು. ಈಗ ಉಳಿದಿರುವುದು ಆ ಚಿತ್ರ, ಆ ಕೂಗು.

ಕಪ್ಪೆಗಳನ್ನು ಕೊಲ್ಲುವ ಆ ಶಿಲೀಂಧ್ರವನ್ನು ಗುರುತಿಸಿ 1999ರಲ್ಲಿ ವಿವರಿಸಿದ ತಂಡದ ಮುಂದಾಳು ಜಾಯ್ಸ್ ಲಾಂಗ್‌ಕೋರ್ ಎಂಬ ಮಹಿಳಾ ವಿಜ್ಞಾನಿ. ಅದು ಚರ್ಮಕ್ಕೆ ತಗಲುತ್ತದೆ. ಚರ್ಮದ ಮೂಲಕ ಲವಣಗಳ ಓಡಾಟ ಕೆಡುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. 2019ರ ಅಧ್ಯಯನವೊಂದರ ಪ್ರಕಾರ ಕಳೆದ ಐದು ದಶಕಗಳಲ್ಲಿ ಇದರಿಂದ 501 ಜಾತಿಗಳು ಕ್ಷೀಣಿಸಿವೆ, 90 ಜಾತಿಗಳು ಅಳಿದಿರಬಹುದು. ಹಲಗೆ ತೊಳೆಯುವುದು, ಕೈಗವಸು ಬದಲಿಸುವುದು ಎಂದೆವಲ್ಲ, ಅದೆಲ್ಲ ಶಿಷ್ಟಾಚಾರಕ್ಕಾಗಿ ಅಲ್ಲ. ಛಾಯಾಗ್ರಾಹಕನ ಕೈಯೇ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಸಾವನ್ನು ಹೊತ್ತೊಯ್ಯಬಾರದು ಎಂಬುದಕ್ಕಾಗಿ.

ಕಪ್ಪೆ ಸತ್ತರೆ ನಮಗೇನು ಎನ್ನುವವರಿಗೆ ಒಂದು ಉತ್ತರವಿದೆ. ಕಪ್ಪೆ ಮತ್ತು ಗೊದಮೊಟ್ಟೆಗಳು ಸೊಳ್ಳೆಗಳನ್ನೂ ಅವುಗಳ ಮರಿಗಳನ್ನೂ ತಿನ್ನುತ್ತವೆ. ಕೋಸ್ಟಾರಿಕ ಮತ್ತು ಪನಾಮಾಗಳಲ್ಲಿ ಇದೇ ರೋಗದಿಂದ ಕಪ್ಪೆಗಳು ಕಣ್ಮರೆಯಾದ ಪ್ರದೇಶಗಳನ್ನು ಪರಿಶೀಲಿಸಿ 2022ರಲ್ಲಿ ಸಂಶೋಧಕರು ವರದಿಯೊಂದನ್ನು ಪ್ರಕಟಿಸಿದರು. ಕಪ್ಪೆಗಳು ಹೋದ ಬಳಿಕ ಕೆಲವು ವರ್ಷಗಳ ಕಾಲ ಅಲ್ಲಿ ಮಲೇರಿಯಾ ಏರಿತ್ತು. ಏರಿಕೆಯ ತುತ್ತತುದಿಯಲ್ಲಿ ಪ್ರತಿ 1,000 ಜನರಿಗೆ ವರ್ಷಕ್ಕೆ ಸುಮಾರು ಒಂದು ಪ್ರಕರಣ ಹೆಚ್ಚು. ಕಾಡಿನ ಕಪ್ಪೆಗೂ ತೊಟ್ಟಿಲ ಮಗುವಿನ ಜ್ವರಕ್ಕೂ ನಂಟಿದೆ ಎಂಬುದು ಹೀಗೆ ಲೆಕ್ಕದಲ್ಲಿ ಕಂಡಿತು.

ಮುದ್ದಾದ ಚಿತ್ರದ ಹಿಂದೆ

ಎಲೆಯನ್ನು ಕೊಡೆಯಂತೆ ಹಿಡಿದು ಮಳೆಯಲ್ಲಿ ನಿಂತ ಕಪ್ಪೆ, ಜೀರುಂಡೆಯ ಬೆನ್ನೇರಿ ಸವಾರಿ ಹೊರಟ ಕಪ್ಪೆ, ಬಾಯಿ ತೆರೆದು ನಗುವ ಕಪ್ಪೆ. ಇಂತಹ ಚಿತ್ರಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. 'ಎಷ್ಟು ಮುದ್ದಾಗಿದೆ' ಎಂದು ಇನ್ನೊಬ್ಬರಿಗೆ ಕಳುಹಿಸಿಯೂ ಇರುತ್ತೀರಿ. 2010ರ ದಶಕದಲ್ಲಿ ಇಂತಹ ಚಿತ್ರಗಳು, ವಿಶೇಷವಾಗಿ ಇಂಡೋನೇಷ್ಯಾದಿಂದ, ರಾಶಿ ರಾಶಿಯಾಗಿ ಬಂದವು. ಕಪ್ಪೆಗಳನ್ನು ಬಲ್ಲವರು ಅವುಗಳ ಬಗ್ಗೆ ಸಂಶಯ ಎತ್ತಿದರು. ನೂಲು, ತಂತಿಯಿಂದ ಕೈಕಾಲು ಕಟ್ಟಿ ನಿಲ್ಲಿಸಿ, ಬಳಿಕ ಕಂಪ್ಯೂಟರಿನಲ್ಲಿ ನೂಲನ್ನು ಅಳಿಸಲಾಗುತ್ತದೆ, ಮೊದಲೇ ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಮಂಕಾಗಿಸಲಾಗುತ್ತದೆ ಎಂಬುದು ಅವರ ಆರೋಪ.

ಚಿತ್ರ ನೋಡಿ ಅನುಮಾನ ಪಡುವುದು ಹೇಗೆ? ಮೊದಲನೆಯದಾಗಿ, ಕಪ್ಪೆ ನಗುವುದಿಲ್ಲ. ಅದು ವಟಗುಟ್ಟುವುದೂ ಸಾಮಾನ್ಯವಾಗಿ ಬಾಯಿ ಮುಚ್ಚಿಕೊಂಡೇ. ಉಬ್ಬುವುದು ಗಂಟಲ ಚೀಲ. ಬಾಯಿ ಅಗಲ ತೆರೆದ ಕಪ್ಪೆ ಹೆಚ್ಚಾಗಿ ಹೆದರಿದ, ಪ್ರಾಣಸಂಕಟದಲ್ಲಿರುವ ಕಪ್ಪೆ. ಎರಡನೆಯದಾಗಿ, ಮನುಷ್ಯರಂತೆ ನೆಟ್ಟಗೆ ನಿಲ್ಲುವುದು, ಕೈ ಬೀಸುವುದು, ವಸ್ತುವನ್ನು ಎತ್ತಿ ಹಿಡಿಯುವುದು ಅದರ ಸ್ವಭಾವವಲ್ಲ. ಮೂರನೆಯದಾಗಿ, ಒಬ್ಬನೇ ಛಾಯಾಗ್ರಾಹಕನಿಗೆ ವಾರಕ್ಕೊಂದು ಇಂತಹ 'ಅಪರೂಪದ ಕ್ಷಣ' ಸಿಗುತ್ತಿದ್ದರೆ ಅದು ಅದೃಷ್ಟವಲ್ಲ, ಏರ್ಪಾಡು. ಈಗ ಕಂಪ್ಯೂಟರೇ ಬರೆದುಕೊಡುವ ನಕಲಿ ಚಿತ್ರಗಳೂ ಸೇರಿಕೊಂಡಿವೆ.

ಸ್ಟುಡಿಯೋದಲ್ಲಿ ತೆಗೆದದ್ದು ತಪ್ಪಲ್ಲ. ಸ್ಟುಡಿಯೋದಲ್ಲಿ ತೆಗೆದದ್ದನ್ನು ಕಾಡಿನಲ್ಲಿ ಕಂಡದ್ದು ಎಂದು ಹೇಳುವುದು ತಪ್ಪು. ಕಪ್ಪು ಪರದೆಯ ಮುಂದೆ ತನ್ನಷ್ಟಕ್ಕೆ ಕುಳಿತ ಕಪ್ಪೆಯ ಚಿತ್ರ ಪ್ರಾಮಾಣಿಕ. ಅದು ಸ್ಟುಡಿಯೋ ಎಂಬುದನ್ನು ಮುಚ್ಚಿಡುವುದಿಲ್ಲ. ನಾವು ಮೆಚ್ಚುವ, ಹಂಚುವ ಪ್ರತಿಯೊಂದು ಚಿತ್ರವೂ ಅದನ್ನು ತೆಗೆದವನಿಗೆ ಇನ್ನೊಂದನ್ನು ತೆಗೆಯಲು ಕೊಡುವ ಪ್ರೋತ್ಸಾಹ. ಮಾತಾಡಲಾರದ ಜೀವಿಯ ನೋವಿನಿಂದ ನಮ್ಮ ಎರಡು ಕ್ಷಣದ ನಗು ಹುಟ್ಟುವುದಾದರೆ ಅಂತಹ ನಗು ನಮಗೇಕೆ?

ನಿಮ್ಮ ಮನೆಯಂಗಳದಲ್ಲಿ

ಮಳೆಗಾಲದಲ್ಲಿ ಮಕ್ಕಳು ಕಪ್ಪೆಯ ಫೋಟೋ ತೆಗೆಯಬೇಕೆಂದು ಹಠ ಹಿಡಿದರೆ ಬೇಡವೆನ್ನಬೇಡಿ. ದುಬಾರಿ ಕ್ಯಾಮರಾ ಬೇಕಿಲ್ಲ. ಈಗಿನ ಅನೇಕ ಮೊಬೈಲುಗಳಲ್ಲಿ ಹತ್ತಿರದ ಚಿತ್ರ ತೆಗೆಯುವ ವ್ಯವಸ್ಥೆಯಿದೆ. ಮೊಬೈಲಿಗೆ ಸಿಕ್ಕಿಸುವ ಚಿಕ್ಕ ಮ್ಯಾಕ್ರೋ ಲೆನ್ಸುಗಳೂ ಸಿಗುತ್ತವೆ. ಕೆಲವು ಮಾತುಗಳನ್ನು ಮಾತ್ರ ಮೊದಲೇ ಹೇಳಿಕೊಡಿ.

* ಕಪ್ಪೆಯನ್ನು ಹಿಡಿದು ತರಬೇಡಿ, ಅದಿರುವಲ್ಲೇ ನೀವು ಹೋಗಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಂತೂ ಅನುಮತಿಯಿಲ್ಲದೆ ಯಾವ ಜೀವಿಯನ್ನೂ ಹಿಡಿಯುವಂತಿಲ್ಲ.
* ಬರಿಗೈಯಲ್ಲಿ ಮುಟ್ಟಬೇಡಿ. ತಪ್ಪಿ ಮುಟ್ಟಿದರೆ ಕಣ್ಣು, ಬಾಯಿ ಮುಟ್ಟಿಕೊಳ್ಳುವ ಮೊದಲು ಕೈ ತೊಳೆಯಿರಿ.
* ಕುಕ್ಕರುಗಾಲಲ್ಲಿ ಕುಳಿತು ಅಥವಾ ಬಗ್ಗಿ, ಕಪ್ಪೆಯ ಕಣ್ಣಿನ ಮಟ್ಟಕ್ಕೆ ಮೊಬೈಲನ್ನು ಇಳಿಸಿ. ಮೇಲಿನಿಂದ ತೆಗೆದರೆ ಬೆನ್ನು ಮಾತ್ರ ಕಾಣುತ್ತದೆ.
* ಮೊಬೈಲಿನ ದೀಪವನ್ನು ನೇರವಾಗಿ ಹಾಯಿಸಬೇಡಿ. ಟಾರ್ಚಿನ ಮುಂದೆ ಬಿಳಿ ಕರವಸ್ತ್ರ ಹಿಡಿದರೆ ಬೆಳಕು ಮೃದುವಾಗುತ್ತದೆ.
* ಹಿನ್ನೆಲೆ ಸರಳವಾಗಿರಬೇಕೆಂದರೆ ಕಪ್ಪೆಯ ಹಿಂದೆ ಸ್ವಲ್ಪ ದೂರದಲ್ಲಿ ಕಪ್ಪು ಬಟ್ಟೆ ಅಥವಾ ಬಿಳಿ ಕಾಗದ ಹಿಡಿಯಲು ಇನ್ನೊಬ್ಬರಿಗೆ ಹೇಳಿ. ಕಪ್ಪೆಯನ್ನು ಕದಲಿಸಬೇಕಿಲ್ಲ.
* ಕಣ್ಣಿನ ಮೇಲೆ ಫೋಕಸ್ ಇರಲಿ. ನಾಲ್ಕೈದು ಚಿತ್ರ ಸಾಕು, ಬಳಿಕ ಬಿಟ್ಟುಬಿಡಿ.
* ರಾತ್ರಿ ಹೊರಗೆ ಹೋಗುವಾಗ ಹಾವಿನ ಭಯವಿದೆ. ದೊಡ್ಡವರು ಜೊತೆಗಿರಲಿ, ಕಾಲಿಗೆ ಬೂಟು ಇರಲಿ. ಕಪ್ಪೆಯಿರುವಲ್ಲಿ ಅದನ್ನು ಹುಡುಕಿ ಹಾವೂ ಬರುತ್ತದೆ.

ಚಿತ್ರವನ್ನು ದೊಡ್ಡದು ಮಾಡಿ ಮಕ್ಕಳ ಜೊತೆ ಕುಳಿತು ನೋಡಿ. ಕಣ್ಣಿನ ಪಾಪೆ ಅಡ್ಡಗೆರೆಯಂತಿದೆಯೋ ಉದ್ದಗೆರೆಯಂತಿದೆಯೋ? ಬೆರಳ ತುದಿಯಲ್ಲಿ ದುಂಡು ಬಿಲ್ಲೆಯಿದೆಯೇ? ಇದ್ದರೆ ಅದು ಮರವೋ ಗೋಡೆಯೋ ಹತ್ತುವ ಕಪ್ಪೆ. ಕಾಲ್ಬೆರಳುಗಳ ನಡುವೆ ಜಾಲ ಪೂರ್ತಿಯಿದೆಯೇ? ಇದ್ದರೆ ಅದು ನೀರನ್ನು ಬಿಟ್ಟಿರಲಾರದ್ದು. ಹುಳವನ್ನು ನುಂಗುವ ಕ್ಷಣ ಸಿಕ್ಕರೆ ಕಣ್ಣುಗಳನ್ನು ಗಮನಿಸಿ. ಅವು ಒಳಕ್ಕೆ ಕುಸಿಯುತ್ತವೆ. ಆಹಾರವನ್ನು ಗಂಟಲಿಗೆ ತಳ್ಳಲು ಕಪ್ಪೆ ಕಣ್ಣುಗುಡ್ಡೆಗಳ ಸಹಾಯವನ್ನೂ ಪಡೆಯುತ್ತದೆ! ಪಾಠಪುಸ್ತಕದ ಒಂದು ಪುಟಕ್ಕಿಂತ ಹೆಚ್ಚನ್ನು ಆ ಒಂದು ಚಿತ್ರ ಕಲಿಸುತ್ತದೆ.

ಇನ್ನು ನಾವು ಹಿರಿಯರು ಮಾಡಬಹುದಾದ್ದೂ ಇದೆ. ಅಂಗಳವನ್ನೆಲ್ಲ ಇಂಟರ್‌ಲಾಕ್ ಹಾಸಿ ಮುಚ್ಚುವಾಗ ಒಂದು ಮೂಲೆಯನ್ನು ಮಣ್ಣಿಗೆ, ತರಗೆಲೆಗೆ ಬಿಡಬಹುದು. ಹಿತ್ತಲಿಗೆ ಕಳೆನಾಶಕ ಸುರಿಯುವ ಮೊದಲು ಎರಡು ಬಾರಿ ಯೋಚಿಸಬಹುದು. ಸಂಪು, ತೊಟ್ಟಿಗಳಿಗೆ ಬಿದ್ದ ಕಪ್ಪೆ ಹತ್ತಿ ಬರಲು ಒಂದು ಕೋಲನ್ನೋ ಹಲಗೆಯನ್ನೋ ಓರೆಯಾಗಿ ಇಡಬಹುದು. ಬಚ್ಚಲಿಗೆ ಬಂದ ಕಪ್ಪೆಯನ್ನು ಕಂಡು ಉಪ್ಪು ಎಸೆಯುವವರಿದ್ದಾರೆ. ಅದರ ಚರ್ಮಕ್ಕೆ ಉಪ್ಪು ಎಂದರೆ ಏನೆಂದು ಈಗ ತಿಳಿಯಿತಲ್ಲ? ಒಂದು ಡಬ್ಬ ಕವುಚಿ, ಕೆಳಗೆ ರಟ್ಟು ತೂರಿಸಿ, ಹಿತ್ತಲಿನ ತಂಪಿನಲ್ಲಿ ಬಿಟ್ಟು ಬಂದರಾಯಿತು. ಎರಡು ನಿಮಿಷದ ಕೆಲಸ.